ಕತ್ತಲಲ್ಲಿ ಹಸಿರಾದ ಪೈನ್ ಸಸಿ

ಹೊಸದಾಗಿ ಸಸ್ಯಶಾಸ್ತ್ರದ ಉಪನ್ಯಾಸಕರಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ವರ್ಗಾವಣೆಯ ವಿಷಯ, ಆಮೇಲೆ ಪ್ರಿನ್ಸಿಪಾಲರನ್ನು ಸಂಭಾಳಿಸುವುದು ಹೇಗೆ ಎಂಬುದು. ಪಾಠದ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಪುಸ್ತಕದಲ್ಲಿ ಇದೆಯಲ್ಲ ಎಂಬ ಧೈರ್ಯ. ನಾನು ಸೇರಿದಾಗ ನನಗೂ ಅದೇ ಧೈರ್ಯವಿತ್ತು. ಅದು ಎರಡು ವರ್ಷವೂ ಬಾಳಲಿಲ್ಲ. ಎಲೆ ಹಸಿರಾಗುವುದು ಹೇಗೆ ಎಂಬ, ಚಿಕ್ಕ ಮಕ್ಕಳೂ ಕೇಳಬಹುದಾದ ಪ್ರಶ್ನೆಯೊಂದು ತರೀಕೆರೆಯಲ್ಲಿ ನನ್ನನ್ನು ಹಿಡಿದುಕೊಂಡಿತು. ಅಜ್ಜಂಪುರ ಕಳೆದು ಕಡೂರಿಗೆ ಬಂದರೂ ಬಿಡಲಿಲ್ಲ. ಬಂದವರಿಗೆಲ್ಲ ನಾನು ಹೇಳುವುದು ಆ ಕಥೆಯನ್ನೇ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ಎಪ್ಪತ್ತರ ದಶಕದ ನಡುವಿನಲ್ಲಿ ತರೀಕೆರೆಯ ಒಂದು ಜೂನಿಯರ್ ಕಾಲೇಜಿಗೆ ನಾನು ಸೇರಿದೆ. ಪ್ರಯೋಗಾಲಯ ಎಂದು ತೋರಿಸಿದ ಕೋಣೆಯಲ್ಲಿ ಎರಡು ಉದ್ದದ ಮೇಜು, ಒಂದೇ ಒಂದು ನೆಟ್ಟಗಿನ ಮೈಕ್ರೋಸ್ಕೋಪು, ಮುರಿದ ಬೆಂಚುಗಳ ರಾಶಿ ಇದ್ದವು. ಅಟೆಂಡರ್ ರುದ್ರಪ್ಪ ಬೆಂಚುಗಳನ್ನು ಹೊರಗೆ ಸಾಗಿಸಿ, ನೆಲ ತೊಳೆದು, ಇನ್ನೇನು ಬೇಕು ಎಂಬಂತೆ ನಿಂತ. ದುಡ್ಡಿಲ್ಲದೆ ಮಾಡಬಹುದಾದ ಪ್ರಯೋಗ ಯಾವುದು ಎಂದು ಯೋಚಿಸಿದೆ. ಹುರುಳಿ, ಭತ್ತ, ಎರಡು ಬಿಸ್ಕತ್ತಿನ ಡಬ್ಬ ಇಷ್ಟಿದ್ದರೆ ಸಾಕು ಎನ್ನಿಸಿತು. ಒಂದು ಡಬ್ಬದ ಮುಚ್ಚಳ ತೆಗೆದು ಕಿಟಕಿಯಲ್ಲಿಟ್ಟೆವು. ಇನ್ನೊಂದನ್ನು ಮುಚ್ಚಿ ಕಪ್ಪು ಬಟ್ಟೆ ಸುತ್ತಿ ಮೂಲೆಯಲ್ಲಿಟ್ಟೆವು. ಒಂದು ವಾರ ಕಳೆದು ತೆಗೆದರೆ ಕಿಟಕಿಯ ಸಸಿಗಳು ಹಸಿರಾಗಿದ್ದವು. ಕತ್ತಲಿನವು ಉದ್ದಕ್ಕೆ, ಸೊರಗಿ, ಹಳದಿಯಾಗಿ ಬೆಳೆದಿದ್ದವು. ಆ ಹಳದಿ ಸಸಿಗಳನ್ನು ಬೆಳಕಿಗಿಟ್ಟರೆ ಸಂಜೆಯೊಳಗೆ ಹಸಿರು ಏರತೊಡಗಿತು.

ಮಕ್ಕಳು ಅದನ್ನು ಕಣ್ಣು ಬಿಟ್ಟುಕೊಂಡು ನೋಡಿದರು. ನೋಟ್ಸು ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ, ಅದು ಆಗಿನ ಪದ್ಧತಿ. ಪತ್ರಹರಿತ್ತು ತಯಾರಾಗಲು ಬೆಳಕು ಬೇಕೇ ಬೇಕು, ಕತ್ತಲಲ್ಲಿ ಗಿಡ ಹಸಿರಾಗುವುದಿಲ್ಲ ಎಂದು ಬರೆಸಿದೆ. ಕಾರಣವನ್ನೂ ಹೇಳಿದೆ. ಗಿಡದ ಜೀವಕೋಶದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಕಿಣ್ವ ಇರುತ್ತದೆ. ಪತ್ರಹರಿತ್ತು ಹಲವು ಹಂತ ದಾಟಿ ಸಿದ್ಧವಾಗುತ್ತದೆ, ಪ್ರತಿ ಹಂತದಲ್ಲೂ ಒಂದು ಕಿಣ್ವ ಕೂತಿರುತ್ತದೆ. ಕೊನೆಗೆ ಹತ್ತಿರದ ಒಂದು ಹಂತದ ಕಿಣ್ವ ಮಾತ್ರ ಬೆಳಕು ಬಿದ್ದರೇ ಕೈ ಆಡಿಸುತ್ತದೆ. ಅಲ್ಲಿಯವರೆಗೆ ಸರಕು ಅರ್ಧಕ್ಕೇ ನಿಂತಿರುತ್ತದೆ. ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟಾಗ ನನಗೆ ನನ್ನ ಮೇಲೇ ಮೆಚ್ಚುಗೆಯಾಗಿತ್ತು. ಆ ದಿನ ಬಾಗಿಲಲ್ಲಿ ನಿಂತು ನೋಡಿದ ಪ್ರಿನ್ಸಿಪಾಲರು ಭೌತಶಾಸ್ತ್ರದವರು. ಬಾಟನಿ ಎಂದರೆ ಚಿತ್ರ ಬಿಡಿಸುವ ವಿಷಯ ಎಂದು ತಿಳಿದಿದ್ದ ಅವರೂ ತಲೆದೂಗಿ ಹೋದರು.

ಮೊದಲ ಏಟು ಕಿತ್ತಳೆ ಹಣ್ಣಿನಿಂದ ಬಿತ್ತು. ನಾಗರತ್ನ ಎಂಬ ಹುಡುಗಿ ಲಕ್ಕವಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಂದೆ ತಿಮ್ಮಯ್ಯ ಅಲ್ಲಿಯ ಒಂದು ಅರಣ್ಯ ನರ್ಸರಿಯಲ್ಲಿ ವಾಚರ್. ಕೂತಲ್ಲಿ ಕೂತಿರುವ, ಹೆಚ್ಚು ಮಾತಿಲ್ಲದ ಹುಡುಗಿ. ಒಂದು ದಿನ ಊಟದ ಬಿಡುವಿನಲ್ಲಿ ಕಿತ್ತಳೆ ಬೀಜವೊಂದನ್ನು ಉಗುರಿನಿಂದ ಸುಲಿದು ತಂದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಎಳೆ ಹಸಿರು. ಸಿಪ್ಪೆ, ತೊಳೆ, ಬೀಜದ ಹೊಟ್ಟು ಎಲ್ಲ ದಾಟಿ ಒಳಗೆ ಬೆಳಕು ಹೇಗೆ ಹೋಯಿತು ಎಂದು ಕೇಳಿದಳು. ಸಿಪ್ಪೆಯ ಮೂಲಕ ಸ್ವಲ್ಪ ಬೆಳಕು ಸೋಸಿ ಹೋಗುತ್ತದೆ, ಅಷ್ಟೇ ಸಾಕಾಗುತ್ತದೆ ಎಂದೆ. ಅವಳು ಒಪ್ಪಿಕೊಂಡಳು. ನಾನು ಮಾತ್ರ ಮನೆಗೆ ಹೋಗಿ ಒಂದು ಕಿತ್ತಳೆ ಹಣ್ಣನ್ನು ದೀಪಕ್ಕೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಕಣ್ಣಿಗೆ ಕಾಣದಷ್ಟು ಬೆಳಕಾದರೂ ಹೋಗುತ್ತಿರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಮರುವರ್ಷ ಅದೇ ಹುಡುಗಿ ಒಂದು ಪೊಟ್ಟಣ ತಂದಳು. ಆಗ ಕಾಡಿನ ಅಂಚಿನಲ್ಲಿ ಪರದೇಶದ ಪೈನ್ ಮರಗಳನ್ನು ಬೆಳೆಸಿ ನೋಡುವ ಪ್ರಯತ್ನ ನಡೆದಿತ್ತು. ಅವರ ನರ್ಸರಿಗೂ ಆ ಬೀಜ ಬಂದಿತ್ತಂತೆ. ಡಬ್ಬದ ಪ್ರಯೋಗಕ್ಕೆ ಇದನ್ನೂ ಹಾಕೋಣವೇ ಎಂದು ಕೇಳಿದಳು. ಹುರುಳಿಯ ಪಕ್ಕದಲ್ಲೇ ಅದನ್ನೂ ಬಿತ್ತಿ ಮುಚ್ಚಿಟ್ಟೆವು. ಹುರುಳಿ ಬೇಗ ಮೊಳೆತು ಹಳದಿಯಾಗಿ ನಿಂತಿತು. ಪೈನ್ ಬೀಜಕ್ಕೆ ಅವಸರವಿರಲಿಲ್ಲ. ಕೊನೆಗೊಮ್ಮೆ ಮುಚ್ಚಳ ತೆಗೆದಾಗ ಅದು ಮೊಳೆತಿತ್ತು. ಬೀಜದ ಹೊಟ್ಟನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತ, ಸೂಜಿಯಂಥ ಪುಟ್ಟ ಎಲೆಗಳ ಗೊಂಚಲು. ಹಸಿರು. ಕಡು ಹಸಿರಲ್ಲ, ಆದರೆ ಹಳದಿ ಎನ್ನಲು ಯಾರಿಂದಲೂ ಆಗುತ್ತಿರಲಿಲ್ಲ.

ನನಗೆ ಮೊದಲು ಬಂದದ್ದು ರುದ್ರಪ್ಪನ ಮೇಲೆ ಅನುಮಾನ. ನೀರು ಹಾಕಲು ಮುಚ್ಚಳ ತೆಗೆದವನು ಹಾಗೇ ಮರೆತಿರಬೇಕು. ಕರೆದು ಕೇಳಿದರೆ ಅವನಿಗೆ ಬೇಸರವಾಯಿತು. ಡಬ್ಬ ಮುಟ್ಟಿಯೇ ಇಲ್ಲ ಎಂದ. ಆಮೇಲೆ ಒಂದು ಮಾತು ಸೇರಿಸಿದ. "ನಾನು ತೆಗ್ದಿದ್ರೆ ಹುರ್ಳಿನೂ ಹಸ್ರಾಗ್ಬೇಕಿತ್ತಲ್ಲ ಮೇಡಮ್ನೋರೆ. ಅದ್ಯಾಕ್ ಹಳ್ದಿ ಆಯ್ತು?"

ಮತ್ತೊಮ್ಮೆ ಬಿತ್ತಿ, ಡಬ್ಬವನ್ನು ಪ್ರಿನ್ಸಿಪಾಲರ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲು ಅವರನ್ನೇ ಕೇಳಿಕೊಂಡೆ. ಅವರು ತಮಾಷೆಗೆಂದು ಒಪ್ಪಿದರು. ಬೀರು ತೆಗೆದ ದಿನ ಅವರ ಮುಖದಲ್ಲಿ ತಮಾಷೆ ಉಳಿಯಲಿಲ್ಲ. ಹುರುಳಿ ಹಳದಿ, ಪೈನ್ ಹಸಿರು. ಇದೇನು ಮಂತ್ರವೇ ಎಂದು ಕೇಳಿದರು. ಪುಸ್ತಕದಲ್ಲಿ ಏನಿದೆ ಎಂದರು. ನಮ್ಮ ಪಠ್ಯಪುಸ್ತಕದಲ್ಲಿ ಬೆಳಕು ಬೇಕು ಎಂದಷ್ಟೇ ಇದೆ ಎಂದೆ. ಹಾಗಾದರೆ ಇದನ್ನು ಮಕ್ಕಳಿಗೆ ತೋರಿಸುವುದು ಬೇಡ, ಪರೀಕ್ಷೆ ಹತ್ತಿರ ಬಂತು, ಅವರ ತಲೆ ಕೆಡಿಸಬೇಡಿ ಎಂದರು. ಅವರ ಮಾತು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ. ನನ್ನ ತಲೆಯೇ ಕೆಟ್ಟಿತ್ತು. ನಾನು ಓದಿದ ಕಾಲೇಜಿನ ಮೇಷ್ಟ್ರೊಬ್ಬರನ್ನು ಶಿವಮೊಗ್ಗದಲ್ಲಿ ಕಂಡು ಕೇಳಿದಾಗ, ಪೈನ್ ಜಾತಿಯ ಮರಗಳು ಹಾಗೆ ಮಾಡುತ್ತವೆ ಎಂದು ಎಲ್ಲೋ ಓದಿದ ನೆನಪು ಎಂದರು. ಎಲ್ಲಿ ಎಂದರೆ ನೆನಪಿಲ್ಲ. ಏಕೆ ಎಂದರೆ ಗೊತ್ತಿಲ್ಲ.

ತೋರಿಸುವುದು ಬೇಡ ಎಂದದ್ದು ತಡವಾಗಿತ್ತು. ಪ್ರಯೋಗ ಮಾಡಿದವಳೇ ನಾಗರತ್ನ. ಅವಳು ನೋಡಿಯಾಗಿತ್ತು.

ಆ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಬೇರೆ ಜಿಲ್ಲೆಯಿಂದ ಒಬ್ಬ ಹಿರಿಯ ಪರೀಕ್ಷಕರು ಬಂದರು. ಬಿಳಿ ಅಂಗಿ, ಮಡಿಸಿದ ಕೊಡೆ, ಮಾತು ಕಡಿಮೆ. ಗಟ್ಟಿ ಮನುಷ್ಯ, ಯಾರ ಶಿಫಾರಸಿಗೂ ಬಗ್ಗದವರು ಎಂದು ಅವರಿಗೆ ಹೆಸರಿತ್ತು. ಕತ್ತಲಲ್ಲಿ ಬೆಳೆದ ಹುರುಳಿ ಸಸಿಯನ್ನು ಇಟ್ಟು, ಗುರುತಿಸಿ ವಿವರಣೆ ಬರೆಯಿರಿ ಎಂಬುದು ಒಂದು ಪ್ರಶ್ನೆ. ನಾಗರತ್ನ ಆ ದಿನ ಗಾಬರಿಯಲ್ಲಿದ್ದಳು. ಕಾಂಡದ ತೆಳು ಸೀಳು ಕತ್ತರಿಸುವಾಗ ಬ್ಲೇಡು ಜಾರಿ ಬೆರಳು ಕೊಯ್ದುಕೊಂಡಳು. ಸ್ಲೈಡು ಹಾಳಾಯಿತು. ಉಳಿದದ್ದರಲ್ಲಿ ಅಂಕ ಗಿಟ್ಟಿಸಿಕೊಳ್ಳಬೇಕಾದ ಸ್ಥಿತಿ. ಹುರುಳಿ ಸಸಿಯ ಮುಂದೆ ಬಂದವಳು ಎಲ್ಲ ಸರಿಯಾಗಿ ಬರೆದು, ಕೊನೆಗೆ ಪೈನ್‌ನಂಥ ಕೆಲವು ಗಿಡಗಳು ಕತ್ತಲಲ್ಲೂ ಹಸಿರಾಗುತ್ತವೆ ಎಂದು ಸೇರಿಸಿದಳು.

ಪರೀಕ್ಷಕರು ಅದನ್ನು ಓದಿ ಅವಳನ್ನು ಕರೆದರು. ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು.

"ಪುಸ್ತಕ್ದಲ್ಲಿಲ್ಲ ಸರ್. ನಾನ್ ನೋಡಿದೀನಿ."

ಮೌಖಿಕ ಪರೀಕ್ಷೆಯಲ್ಲಿ ಹಾಗೆ ಉತ್ತರಿಸುವವರನ್ನು ಅವರು ಕಂಡಿರಲಿಲ್ಲವೇನೋ. ಹೊಡೆದು ಹಾಕಿ ಸರಿಯಾದ ಉತ್ತರ ಬರೆ ಎಂದು ಸಮಾಧಾನದಿಂದಲೇ ಹೇಳಿದರು. ಅವಳು ತಲೆ ತಗ್ಗಿಸಿ ನಿಂತಳು, ಪೆನ್ನು ತೆಗೆಯಲಿಲ್ಲ. ಇದು ಉದ್ಧಟತನ ಎಂದುಕೊಂಡು ಅವರು ಆ ಪ್ರಶ್ನೆಗೂ ಮೌಖಿಕಕ್ಕೂ ಸೊನ್ನೆ ಹಾಕಿದರು. ಕೂಡಿ ನೋಡಿದರೆ ಅವಳು ಪಾಸಾಗುತ್ತಿರಲಿಲ್ಲ.

ಪಾಸಾಗದಿದ್ದರೆ ಏನೆಂಬುದು ನನಗೆ ಗೊತ್ತಿತ್ತು. ಪಿ.ಯು.ಸಿ. ಮುಗಿದರೆ ನರ್ಸಿಂಗ್ ತರಬೇತಿಗೆ ಸೇರಿಸುವುದಾಗಿ ತಿಮ್ಮಯ್ಯ ಮಾತು ಕೊಟ್ಟಿದ್ದ. ಫೇಲಾದರೆ ಸೋದರತ್ತೆಯ ಮಗನಿಗೆ ಕೊಡುವುದೆಂದು ಮನೆಯಲ್ಲಿ ಅಜ್ಜಿ ಕಾದು ಕೂತಿದ್ದಳು. ಆ ಹುಡುಗ ಕೆಟ್ಟವನೇನಲ್ಲ, ಆದರೆ ನಾಗರತ್ನಳಿಗೆ ಅದು ಬೇಕಿರಲಿಲ್ಲ.

ಒಳಗಿನ ಪರೀಕ್ಷಕಿ ನಾನು. ಅಂಕಪಟ್ಟಿಗೆ ನನ್ನ ಸಹಿಯೂ ಬೇಕು. ಆಕೆ ಕಂಡದ್ದನ್ನು ಬರೆದಿದ್ದಾಳೆ, ನಾನೂ ಕಂಡಿದ್ದೇನೆ ಎಂದೆ. ಹಾಗಾದರೆ ನೀವು ತರಗತಿಯಲ್ಲಿ ಬರೆಸಿದ್ದು ಏನು ಎಂದು ಅವರು ಕೇಳಿದರು. ಬೆಳಕು ಬೇಕೇ ಬೇಕೆಂದು ಬರೆಸಿದ್ದೆ. ಅದನ್ನೂ ಹೇಳಿದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟುತ್ತದೆ. ಅದರಲ್ಲಿ ಕೋಪವಿರಲಿಲ್ಲ, ನಿಮಗೇ ಗೊತ್ತಿಲ್ಲದ್ದನ್ನು ನನ್ನಿಂದ ಒಪ್ಪಿಸಲು ಹೊರಟಿದ್ದೀರಲ್ಲ ಎಂಬ ಬೆರಗಿತ್ತು. ಸಸಿ ಇದ್ದರೆ ತೋರಿಸಿ ಎಂದರು. ನಮ್ಮ ಡಬ್ಬದ ಸಸಿಗಳನ್ನು ರುದ್ರಪ್ಪ ಯಾವಾಗಲೋ ಎಸೆದಿದ್ದ. ಹೊಸದಾಗಿ ಬಿತ್ತಿದರೆ ವಾರಗಳು ಬೇಕು. ಕೊನೆಯ ಬ್ಯಾಚು ಮರುದಿನ ಬೆಳಿಗ್ಗೆ ಇತ್ತು. ಅದು ಮುಗಿಯುವವರೆಗೆ ಪಟ್ಟಿ ಕಟ್ಟುವುದಿಲ್ಲ, ಅಷ್ಟರೊಳಗೆ ಏನಾದರೂ ಇದ್ದರೆ ತನ್ನಿ ಎಂದರು. ನಾನು ಸಹಿ ಹಾಕದೆ ಎದ್ದೆ. ಪ್ರಿನ್ಸಿಪಾಲರು ಹಿಂದೆಯೇ ಬಂದು, ಒಬ್ಬ ಹುಡುಗಿಗಾಗಿ ಇಡೀ ಕಾಲೇಜಿನ ಮರ್ಯಾದೆ ಪಣಕ್ಕಿಡುತ್ತೀರಾ ಎಂದು ಕೇಳಿದರು.

ಮಧ್ಯಾಹ್ನದ ಬಸ್ಸಿಗೆ ನಾಗರತ್ನಳೊಂದಿಗೆ ಲಕ್ಕವಳ್ಳಿಗೆ ಹೊರಟೆ. ಏನನ್ನು ಹುಡುಕಿ ಹೊರಟಿದ್ದೇನೆಂದು ನನಗೇ ಸ್ಪಷ್ಟವಿರಲಿಲ್ಲ. ನರ್ಸರಿಯಲ್ಲಿ ಪೈನ್ ಸಸಿ ಸಾಲುಸಾಲಾಗಿದ್ದವು, ಆದರೆ ಎಲ್ಲವೂ ಬಿಸಿಲಿನಲ್ಲಿ ಬೆಳೆದವು. ಅವು ಹಸಿರಾಗಿದ್ದರೆ ಯಾರಿಗೇನು? ತಿಮ್ಮಯ್ಯ ಮಗಳ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದ. ನಾನು ವಿಷಯ ಹೇಳಿದೆ. ಕತ್ತಲು, ಕಿಣ್ವ ಎಂಬುದೆಲ್ಲ ಅವನಿಗೆ ಬೇಕಿರಲಿಲ್ಲ. ಮಗಳು ಮೇಷ್ಟ್ರಿಗೆ ಎದುರು ಮಾತಾಡಿದಳೇ ಎಂದು ಎರಡು ಸಲ ಕೇಳಿದ. ಇಲ್ಲ ಎಂದೆ. ಆಮೇಲೆ ತನ್ನ ಕಷ್ಟ ತೋಡಿಕೊಂಡ. ಉಗ್ರಾಣದ ಗೋಡೆಗೆ ತಾಗಿದ ನೀರಿನ ತೊಟ್ಟಿ ಸೋರಿ, ಕೆಳಗಿದ್ದ ಬೀಜದ ಚೀಲಗಳು ನೆನೆದುಹೋಗಿವೆ. ಸಾಹೇಬರಿಗೆ ಏನು ಹೇಳುವುದೋ ತಿಳಿಯದೆ ಕೂತಿದ್ದಾನೆ.

"ಪೈನ್ ಬೀಜ್ದ್ ಚೀಲ ತಳದಾಗ್ ಮೊಳ್ತೋಗೈತೆ ಮೇಡಮ್ನೋರೆ. ಹೊಂಗೆ ಬೀಜ್ದ್ದೂ ಅಂಗೇ. ನಾನಿನ್ನೂ ಬಿಚ್ಚಿಲ್ಲ, ಬಿಚ್ಚಕ್ಕೇ ಭಯ ಆಯ್ತದೆ."

ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಬಾಗಿಲಿನ ಬೆಳಕು ಆ ಮೂಲೆಗೆ ಮುಟ್ಟುತ್ತಿರಲಿಲ್ಲ. ಎರಡು ಚೀಲ ಅಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತ ಹಾಗಿದ್ದವು. ಗೋಣಿಯ ನೂಲಿನ ಸಂದಿಯಿಂದ ಬಿಳಿಯ ಬೇರುಗಳು ಹೊರಬಿದ್ದಿದ್ದವು. ಬಿಚ್ಚಿ ನೋಡೋಣವೇ ಎಂದು ನಾಗರತ್ನ ಚೀಲಕ್ಕೆ ಕೈ ಹಾಕಿದಳು. ನಾನು ತಡೆದೆ. ಈಗ ಬಿಚ್ಚಿದರೆ ಬೆಳಕು ಬೀಳುತ್ತದೆ. ಆಮೇಲೆ ಹಸಿರಾಗಿದ್ದರೂ ಅದು ಬಸ್ಸಿನಲ್ಲಿ ಆದದ್ದು ಎಂದು ಯಾರಾದರೂ ಹೇಳಬಹುದು. ಬಿಚ್ಚುವುದಾದರೆ ಪರೀಕ್ಷಕರೇ ಬಿಚ್ಚಬೇಕು. ಹೀಗೆ ಹೇಳಿದೆನೇ ಹೊರತು ಒಳಗೆ ಏನಿದೆಯೋ ಎಂಬ ಅಳುಕು ನನಗೂ ಇತ್ತು. ಬೀರುವಿನಲ್ಲಿ ನಾವು ಕಂಡದ್ದು ಯಾವುದೋ ತಪ್ಪಿನಿಂದ ಆದದ್ದಾಗಿದ್ದರೆ? ಎರಡು ಚೀಲದ ತಳಭಾಗವನ್ನೂ ದಪ್ಪ ಕಂಬಳಿಯಲ್ಲಿ ಸುತ್ತಿ ಕಟ್ಟಿದೆವು. ಸಂಜೆ ಬಸ್ಸಿನ ಕಂಡಕ್ಟರು ಇದೇನು ಹೆಣವೇ ಎಂದು ಕೇಳಿದ. ಬೀಜ ಎಂದರೆ ನಂಬಲಿಲ್ಲ.

ಬೆಳಿಗ್ಗೆ ಪ್ರಯೋಗಾಲಯದ ಮೇಜಿನ ಮೇಲೆ ಚೀಲಗಳನ್ನಿಟ್ಟೆವು. ಪರೀಕ್ಷಕರು, ಪ್ರಿನ್ಸಿಪಾಲರು, ನಾನು, ಬಾಗಿಲ ಹೊರಗೆ ನಾಗರತ್ನ ಮತ್ತು ಅವಳ ತಂದೆ. ಪರೀಕ್ಷಕರು ಕೊಡೆ ಗೋಡೆಗಿಟ್ಟು, ತೋಳು ಮಡಿಸಿ, ಪೈನ್ ಚೀಲದ ಬಾಯಿಯನ್ನು ತಾವೇ ಬಿಚ್ಚಿ ತಳಕ್ಕೆ ಕೈ ಹಾಕಿದರು. ಹೊರಗೆ ಬಂದದ್ದು ಬೇರು, ಬೀಜ, ಹೊಟ್ಟಿನ ಒಂದು ಮುದ್ದೆ. ಅದನ್ನು ಬಿಡಿಸಿದರು. ಮುದ್ದೆಯ ನಡುವಿನಿಂದ ಸೂಜಿಯೆಲೆಯ ಗೊಂಚಲುಗಳು ಒಂದೊಂದಾಗಿ ಬಿಡಿಸಿಕೊಂಡವು, ಹಸಿರಾಗಿ.

ಅವರು ಒಂದನ್ನು ಕಿಟಕಿಯ ಬಳಿ ಒಯ್ದು ತಿರುಗಿಸಿ ನೋಡಿದರು. ಗೋಣಿಯಲ್ಲಿ ಸಂದಿ ಇರುತ್ತದೆ, ಬೆಳಕು ನುಸುಳಿರಬಹುದು ಎಂದರು. ಅದೂ ನ್ಯಾಯವಾದ ಮಾತೇ. ನಾನು ಹೊಂಗೆಯ ಚೀಲ ತೋರಿಸಿದೆ. ಅದೂ ಗೋಣಿ, ಅದೇ ಮೂಲೆ. ಅದನ್ನು ಬಿಚ್ಚಿದರೆ ಬಂದದ್ದು ಮಾಸಲು ಬಿಳಿ, ಹಳದಿ ಚಿಗುರುಗಳು. ಅವರು ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ಹೋಲಿಸಿ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು.

"ನೋಡಿ ಮೇಡಂ, ಈ ಹುಡುಗಿ ಉತ್ತರ ಸರಿ ಅಂತ ಹೇಳೋಷ್ಟು ನನಗೆ ಗೊತ್ತಿಲ್ಲ. ತಪ್ಪು ಅಂತ ಹೇಳೋ ಧೈರ್ಯ ಈಗ ಉಳಿದಿಲ್ಲ. ತಪ್ಪು ಅಂತ ಗೊತ್ತಿಲ್ಲದಿದ್ದಕ್ಕೆ ಸೊನ್ನೆ ಕೊಡೋಕಾಗಲ್ಲ."

ಎರಡು ಸೊನ್ನೆಗಳನ್ನೂ ಹೊಡೆದು ಬೇರೆ ಅಂಕ ಬರೆದರು. ನಾನು ಸಹಿ ಹಾಕಿದೆ. ಹೋಗುವಾಗ ಎರಡು ಪೈನ್ ಸಸಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಕೊಂಡು ಹೋದರು. ನಾಗರತ್ನ ಪಾಸಾದಳು. ತಿಮ್ಮಯ್ಯ ಹಾಳಾದ ಚೀಲಗಳಿಗೆ ಸಾಹೇಬರಿಂದ ಬೈಸಿಕೊಂಡನಾದರೂ ಮಗಳನ್ನು ತರಬೇತಿಗೆ ಕಳಿಸಿದ.

ಕೆಲಕಾಲದ ಮೇಲೆ ನನಗೆ ಅಜ್ಜಂಪುರಕ್ಕೆ ವರ್ಗವಾಯಿತು. ಸಹಿ ಹಾಕದೆ ಎದ್ದದ್ದಕ್ಕೋ, ಸುಮ್ಮನೆ ನನ್ನ ಸರದಿ ಬಂದದ್ದಕ್ಕೋ, ಇವತ್ತಿಗೂ ತಿಳಿಯದು. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ನನ್ನನ್ನು ಬಹಳ ಹೊಗಳಿದ್ದು ಅನುಮಾನವನ್ನು ಹೆಚ್ಚಿಸಿತು.

ಅಜ್ಜಂಪುರದಲ್ಲಿ ಗೊಂದಲ ಕಡಿಮೆಯಾಗಲಿಲ್ಲ, ಬೇರೆ ಬಣ್ಣಕ್ಕೆ ತಿರುಗಿತು. ಬ್ಯಾಕ್ಟೀರಿಯಾಗಳಲ್ಲೂ ಪತ್ರಹರಿತ್ತಿನ ಒಂದು ಬಗೆ ಇದೆ ಎಂದು ಪಾಠದಲ್ಲಿತ್ತು. ಅದನ್ನು ತೋರಿಸಲು ಕೆರೆಯ ಕೆಸರು ತರಿಸಿ, ಚೂರು ಮಾಡಿದ ಕಾಗದ, ಮೊಟ್ಟೆಯ ಚಿಪ್ಪು ಸೇರಿಸಿ, ಎರಡು ಗಾಜಿನ ಜಾಡಿಗಳಲ್ಲಿ ತುಂಬಿ ಕಿಟಕಿಯಲ್ಲಿಟ್ಟೆ. ಒಂದಕ್ಕೆ ಬಿಗಿ ಮುಚ್ಚಳ. ಇನ್ನೊಂದರಲ್ಲಿ ಕೆಸರು ತೆಳ್ಳಗೆ ಹರಡಿ, ಬಾಯಿ ತೆರೆದು, ದಿನಾ ಕಲಕಲು ಹೇಳಿದೆ. ಗಾಳಿ ಬೆಳಕು ಎರಡೂ ಸಿಕ್ಕ ಜಾಡಿಯೇ ಚೆನ್ನಾಗಿ ಬಣ್ಣ ಕಟ್ಟುತ್ತದೆ ಎಂದು ತರಗತಿಯಲ್ಲಿ ಮುಂಚೆಯೇ ಹೇಳಿಬಿಟ್ಟಿದ್ದೆ. ಆದದ್ದು ತಿರುಗಾಮುರುಗಾ. ತೆರೆದ ಜಾಡಿ ಬೂದು ಕೆಸರಾಗಿಯೇ ಉಳಿಯಿತು. ಮುಚ್ಚಿದ್ದರಲ್ಲಿ ಗಾಜಿನ ಗುಂಟ ಕೆಂಪು ನೇರಳೆಯ ಪಟ್ಟೆಗಳು ಎದ್ದವು. ಜೊತೆಗೆ ಗುಳ್ಳೆಗಳೂ ಎದ್ದವು, ಮುಚ್ಚಳದ ಸಂದಿಯಿಂದ ವಾಸನೆಯೂ ಎದ್ದಿತು.

ಆ ವಾಸನೆ ಬೀದಿಗೂ ಹಬ್ಬಿ, ಕಾಲೇಜಿನ ಒಳಗೆ ಕಳ್ಳಭಟ್ಟಿ ಇಳಿಸುತ್ತಿದ್ದಾರೆ ಎಂದು ಯಾರೋ ದೂರು ಕೊಟ್ಟರು. ಇಬ್ಬರು ಪೇದೆಗಳು ಬಂದರು. ನಾನು ಗಾಬರಿಯಾಗಿ ಬ್ಯಾಕ್ಟೀರಿಯಾ ಎಂದು ಶುರು ಮಾಡಿದೆ. ಹಿರಿಯ ಪೇದೆ ಕೇಳಲಿಲ್ಲ, ಮುಚ್ಚಳ ತೆಗೆದು ಮೂಗು ಒಡ್ಡಿದ. ಕೊಳೆತ ಮೊಟ್ಟೆಯ ಘಾಟು ನೇರವಾಗಿ ತಲೆಗೇರಿತು. ಅವನು ಹೊರಗೆ ಓಡಿ ಹೋಗಿ ಮುಖ ತೊಳೆದುಕೊಂಡು ಬಂದ. "ಇದನ್ ಯಾರೂ ಕುಡ್ಯಲ್ಲ ಬಿಡ್ರೀ" ಎಂದು ಜೊತೆಯವನಿಗೆ ಹೇಳಿ ಹೊರಟುಹೋದ. ಕೇಸು ಅಲ್ಲಿಗೆ ಮುಗಿಯಿತು. ಗಾಳಿ ಸಿಕ್ಕರೆ ಬಣ್ಣ ಏಕೆ ಬರುವುದಿಲ್ಲ ಎಂಬುದು ಮುಗಿಯಲಿಲ್ಲ.

ಅದೇ ಊರಿನಲ್ಲಿ ರಸಾಯನಶಾಸ್ತ್ರದ ಸಹೋದ್ಯೋಗಿ ವೀರಭದ್ರಪ್ಪನವರು ಒಂದು ದಿನ ತಮ್ಮ ಹೊಲದ ಕಡಲೆಕಾಯಿ ಗಿಡದ ಎಲೆ ತಂದರು. ನರಗಳು ಮಾತ್ರ ಹಸಿರು, ನಡುವೆಲ್ಲ ಹಳದಿ. ಹೊಲದಲ್ಲಿ ಬೆಳಕಿಗೆ ಬರವಿಲ್ಲ. ಪತ್ರಹರಿತ್ತಿನ ನಡುವೆ ಇರುವುದು ಮೆಗ್ನೀಷಿಯಂ, ಅದೇ ಕಡಿಮೆಯಾಗಿದೆ ಎಂದು ನಾನು ಹೇಳಿದೆ. ಕೃಷಿ ಇಲಾಖೆಯವರು ಸುಣ್ಣ ಹೆಚ್ಚಿರುವ ನೆಲ ಎಂದು ಕಬ್ಬಿಣದ ಅಂಶವಿರುವ ಅನ್ನಭೇದಿಯನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸಲು ಹೇಳಿದರಂತೆ. ಸಿಂಪಡಿಸಿದ ಸಾಲುಗಳು ಹಸಿರಾದವು. ವೀರಭದ್ರಪ್ಪನವರು ನನ್ನನ್ನು ಹಂಗಿಸಲಿಲ್ಲ, ನಿಜವಾಗಿಯೇ ಕೇಳಿದರು.

"ಅಲ್ರೀ, ಪತ್ರಹರಿತ್ತಿನೊಳ್ಗೆ ಕಬ್ಬಿಣದ್ ಚೂರೂ ಇಲ್ಲ. ಇಲ್ದಿದ್ದು ಹಾಕಿದ್ರೆ ಅದು ಹೆಂಗ್ ಜಾಸ್ತಿ ಆಯ್ತು?"

ಇಬ್ಬರೂ ಸ್ಟಾಫ್ ರೂಮಿನ ಕಪ್ಪು ಹಲಗೆಯ ಮೇಲೆ ಪತ್ರಹರಿತ್ತಿನ ರಚನೆ ಬಿಡಿಸಿ, ಕಬ್ಬಿಣ ಎಲ್ಲಾದರೂ ಅಡಗಿದೆಯೇ ಎಂದು ಹುಡುಕಿದೆವು. ಇರಲಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಕಡೂರಿನಲ್ಲಿದ್ದೆ. ಉಪನ್ಯಾಸಕರಿಗೆಂದು ನಡೆದ ಒಂದು ಪುನಶ್ಚೇತನ ಶಿಬಿರಕ್ಕೆ ಕಳಿಸಿದರು. ಅಲ್ಲಿ ಪತ್ರಹರಿತ್ತಿನ ಮೇಲೆ ಮಾತಾಡಿದವರು ನನಗಿಂತ ಕಿರಿಯ ಸಂಶೋಧಕರು. ವರ್ಷಗಟ್ಟಲೆ ಒಳಗಿಟ್ಟುಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಊಟದ ಹೊತ್ತಿನಲ್ಲಿ ಅವರ ಮುಂದೆ ಸುರಿದೆ. ಅವರು ತಟ್ಟೆ ಪಕ್ಕಕ್ಕಿಟ್ಟರು.

ಕಬ್ಬಿಣದ ವಿಷಯ ಸುಲಭ ಎಂದರು. ಕಬ್ಬಿಣ ಬೇಕಾಗಿರುವುದು ಪತ್ರಹರಿತ್ತಿಗಲ್ಲ, ಅದನ್ನು ಕಟ್ಟುವ ಹಂತವೊಂದರ ಕಿಣ್ವಕ್ಕೆ. ಮನೆಯ ಗೋಡೆಯಲ್ಲಿ ಗಾರೆಯವನ ಕರಣೆ ಇರುವುದಿಲ್ಲವಲ್ಲ ಎಂದರು. ಬೆಳಕಿನ ವಿಷಯ ಇನ್ನೂ ಪೂರ್ತಿ ಬಿಡಿಸಿಲ್ಲ ಎಂದು ಒಪ್ಪಿಕೊಂಡರು. ಆ ಒಂದೇ ಹಂತವನ್ನು ದಾಟಿಸಲು ಎರಡು ಬೇರೆ ಬೇರೆ ಕಿಣ್ವಗಳು ಇರುವಂತೆ ಕಾಣುತ್ತಿದೆ. ಒಂದು ಬೆಳಕಿಗಾಗಿ ಕಾಯುವಂಥದ್ದು. ಇನ್ನೊಂದು ಕತ್ತಲಲ್ಲೇ ಕೆಲಸ ಮುಗಿಸುವಂಥದ್ದು. ನನ್ನ ಜಾಡಿಯಲ್ಲಿದ್ದ ಬ್ಯಾಕ್ಟೀರಿಯಾಗಳಲ್ಲಿ ಕತ್ತಲಿನದು ಮಾತ್ರ ಇದೆ. ಅವು ಗಾಳಿ ಹೆಚ್ಚು ಸಿಕ್ಕರೆ ಬಣ್ಣ ತಯಾರಿಸುವುದನ್ನೇ ನಿಲ್ಲಿಸುತ್ತವೆ. ಪೈನ್ ಮರದಲ್ಲಿ ಎರಡೂ ಇವೆ. ಹೂ ಬಿಡುವ ಗಿಡಗಳಲ್ಲಿ, ಎಂದರೆ ಹುರುಳಿ, ಭತ್ತ, ಹೊಂಗೆಯಲ್ಲಿ, ಬೆಳಕಿನದು ಮಾತ್ರ. ಆದರೆ ಕತ್ತಲಿನ ಕಿಣ್ವವನ್ನು ಯಾರೂ ಇನ್ನೂ ಬೇರ್ಪಡಿಸಿ ಕೈಯಲ್ಲಿ ಹಿಡಿದಿಲ್ಲ, ಅದು ಇರಲೇಬೇಕು ಎಂದಷ್ಟೇ ಹೇಳಬಹುದು ಎಂದರು. ಅದನ್ನು ಬೇರ್ಪಡಿಸಿದರು ಎಂದು ನಾನು ಓದಿದ್ದು ಬಹಳ ವರ್ಷಗಳ ಮೇಲೆ.

ಕಿತ್ತಳೆ ಬೀಜದ ವಿಷಯ ಕೇಳಿದೆ. ಕಿತ್ತಳೆಯೂ ಹೂ ಬಿಡುವ ಗಿಡವೇ ತಾನೇ? ಅವರು ಯೋಚಿಸಿ, ಸಿಪ್ಪೆಯ ಮೂಲಕ ಸ್ವಲ್ಪ ಬೆಳಕು ಸೋಸಿ ಹೋಗುತ್ತಿರಬಹುದು ಎಂದರು. ನನಗೆ ನಗು ಬಂತು, ಏಕೆಂದು ಅವರಿಗೆ ಹೇಳಲಿಲ್ಲ.

ಕಡೂರಿಗೆ ಮರಳಿದ ಮೇಲೆ ಜ್ವರಕ್ಕೆಂದು ಆಸ್ಪತ್ರೆಗೆ ಹೋದಾಗ ಅಲ್ಲಿ ನಾಗರತ್ನ ಸಿಕ್ಕಳು. ಬಿಳಿ ಸೀರೆ, ಕೈಯಲ್ಲಿ ಥರ್ಮಾಮೀಟರು, ಜೊತೆಯವರೆಲ್ಲ ಸಿಸ್ಟರ್ ಎನ್ನುತ್ತಿದ್ದರು. ನನಗೆ ಜ್ವರ ಮರೆತುಹೋಯಿತು. ಎರಡು ಕಿಣ್ವಗಳ ಕಥೆಯನ್ನು ಅಲ್ಲೇ ಹೇಳಿದೆ, ನೀನು ಅಂದು ಬರೆದದ್ದು ಸರಿಯಾಗಿತ್ತು ಎಂದೆ. ಅವಳು ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡಳು.

"ನಂಗೆ ಆ ಸಸಿ ವಿಷ್ಯ ಮರ್ತೇ ಹೋಗಿತ್ತು ಮೇಡಂ" ಎಂದಳು. "ನೀವು ಸಹಿ ಹಾಕ್ದೆ ಎದ್ ಬಂದ್ರಲ್ಲ, ಅದೊಂದು ನೆನಪೈತೆ. ಬಾಯಿ ತೆಗೀರಿ."

ಥರ್ಮಾಮೀಟರು ಬಾಯಲ್ಲಿದ್ದುದರಿಂದ ನನಗೆ ಮತ್ತೇನೂ ಹೇಳಲಾಗಲಿಲ್ಲ. ನಾನು ಇಷ್ಟು ವರ್ಷ ತಲೆಯಲ್ಲಿ ಹೊತ್ತದ್ದು ಅವಳ ಪಾಲಿಗೆ ಒಂದು ಹಳೆಯ ಪರೀಕ್ಷೆ ಅಷ್ಟೇ ಆಗಿತ್ತು. ಅದರಿಂದ ಬೇಸರವಾಯಿತೋ ಸಂತೋಷವಾಯಿತೋ ಎಂದು ಹೇಳುವುದು ಕಷ್ಟ. ಅವಳು ಮುಂದಿನ ಹಾಸಿಗೆಗೆ ಹೋಗುವ ಗತ್ತು ನೋಡುತ್ತ ಕೂತೆ.

ಆ ವರ್ಷ ಕಡೂರಿನ ತರಗತಿಯಲ್ಲಿ ನೋಟ್ಸು ಬದಲಾಯಿಸಿದೆ. ಬೆಳಕು ಬೇಕೇ ಬೇಕು ಎಂಬ ಹಳೆಯ ವಾಕ್ಯ ತೆಗೆದು, ಹೂ ಬಿಡುವ ಗಿಡಗಳಿಗೆ ಬೇಕು, ಪೈನ್‌ನಂಥವಕ್ಕೂ ಕೆಲವು ಪಾಚಿ, ಬ್ಯಾಕ್ಟೀರಿಯಾಗಳಿಗೂ ಬೇಡ, ಅವುಗಳಲ್ಲಿ ಬೇರೊಂದು ಕಿಣ್ವ ಇರುವಂತಿದೆ, ಹೂ ಬಿಡುವ ಗಿಡಗಳು ಅದನ್ನು ಎಂದೋ ಕಳೆದುಕೊಂಡಿರಬೇಕು ಎಂದು ನಿಧಾನವಾಗಿ ಬರೆಸಿದೆ. ಇಷ್ಟು ವರ್ಷದ ತೊಡಕನ್ನು ಬಿಡಿಸಿ ಕೈಗಿಟ್ಟಂತೆ ನನಗೆ ಹಗುರಾಗಿತ್ತು. ಎಮ್ಮೆದೊಡ್ಡಿ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಹಿಂದಿನ ಬೆಂಚಿನಿಂದ ಎದ್ದು ನಿಂತ. ಕತ್ತಲಲ್ಲೂ ಬೆಳಕಲ್ಲೂ ಕೆಲಸ ಮಾಡುವ ಎರಡು ಕಿಣ್ವ ಇದ್ದರೆ ಒಳ್ಳೆಯದೇ ಅಲ್ಲವೇ, ಹೂ ಬಿಡುವ ಗಿಡಗಳು ಇದ್ದದ್ದನ್ನು ಏಕೆ ಕಳೆದುಕೊಂಡವು ಎಂದು ಕೇಳಿದ.

ನಾನು ಹಲಗೆಯ ಕಡೆ ತಿರುಗಿದೆ. ಅಲ್ಲಿ ಬರೆದದ್ದರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಶಿಬಿರದಲ್ಲೂ ಯಾರೂ ಹೇಳಿರಲಿಲ್ಲ. ಏನಾದರೂ ಒಂದು ಹೇಳಿ ಮುಂದೆ ಹೋಗಬಹುದಿತ್ತು. ತರಗತಿಗೆ ಅದು ತಿಳಿಯುತ್ತಲೂ ಇರಲಿಲ್ಲ. ನಾನು ತಿರುಗಿ ನಿಂತು, "ಗೊತ್ತಿಲ್ಲ" ಎಂದೆ.

ಎಲ್ಲ ತಲೆಗಳೂ ಒಟ್ಟಿಗೆ ಬಗ್ಗಿದವು. ಎಲ್ಲರೂ ಅದನ್ನು ಬರೆದುಕೊಳ್ಳುತ್ತಿದ್ದಾರೆಂದು ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಬರೆದು ಮುಗಿಸಿ, ಕೆಳಗೊಂದು ಗೆರೆ ಎಳೆದು, ತಲೆ ಎತ್ತಿ ಕೇಳಿದಳು.

"ಮೇಡಂ, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?"